ಶುಕ್ರವಾರದ ಎರಡು ಗಂಟೆ: ಕೊಡಗಿನ ಒಂದು ಸಣ್ಣ ಕಂಪನಿಯ ಪ್ರಕರಣ

ನಾನು ಕೋಡ್ ಬರೆಯುವವನಲ್ಲ, ಲೆಕ್ಕ ಬರೆಯುವವನು. ಕೊಡಗಿನ ಒಂದು ವೆಬ್‌ಸೈಟ್ ಕಂಪನಿಯ ಪುಸ್ತಕಗಳು 2017ರಿಂದ ನನ್ನ ಕೈಯಲ್ಲಿವೆ. ಆ ಪುಸ್ತಕಗಳಲ್ಲಿ ಒಂದು ಖರ್ಚು ಮೂರು ಸಲ ಖಾತೆ ಬದಲಾಯಿಸಿತು. ಮೊದಲು ‘ಜಾಹೀರಾತು’ ಅಂತ ಬರೆದೆ, ಆಮೇಲೆ ‘ತರಬೇತಿ’ ಅಂತ, ಕೊನೆಗೆ ‘ವೃತ್ತಿ ಶುಲ್ಕ’ ಅಂತ. ಖರ್ಚಿನ ಉದ್ದೇಶ ಮಾತ್ರ ಬದಲಾಗಲಿಲ್ಲ. ನಾವು ದಿನಾ ಪುಕ್ಕಟೆಯಾಗಿ ಬಳಸುವ ಸಾಫ್ಟ್‌ವೇರ್‌ಗೆ ನಮ್ಮ ಕಡೆಯಿಂದ ಸ್ವಲ್ಪ ಕೆಲಸ ವಾಪಸ್ ಕೊಡಬೇಕು ಅನ್ನುವುದು.

ಬೇರೆ ಸಣ್ಣ ಕಂಪನಿಗಳಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಇದೆ. ಯಾರ ಹೆಸರೂ ಇಲ್ಲ, ಊರೂ ಹೇಳುವುದಿಲ್ಲ. ಗುರುತು ಹಿಡಿಯುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ.

ಹಿನ್ನೆಲೆ

ಕಂಪನಿಯಲ್ಲಿ ಒಂಬತ್ತು ಜನ. ಹೋಮ್‌ಸ್ಟೇಗಳು, ಕಾಫಿ ಪುಡಿ ಮಾರುವವರು, ಜೇನು ಮತ್ತು ಮೆಣಸಿನ ವ್ಯಾಪಾರಿಗಳು, ಒಂದೆರಡು ಸಹಕಾರ ಸಂಘಗಳು, ಇವರೇ ಗ್ರಾಹಕರು. ಕಟ್ಟುವ ಸೈಟ್ ಎಲ್ಲವೂ ವರ್ಡ್‌ಪ್ರೆಸ್ ಮೇಲೆ, ಅಂದರೆ ವೆಬ್‌ಸೈಟ್ ಕಟ್ಟುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಮೇಲೆ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಇಬ್ಬರೂ, ಬಿ2 ಅನ್ನುವ ಸಾಫ್ಟ್‌ವೇರ್ ಮುಂದುವರಿಯದೆ ನಿಂತಾಗ, ಅದರ ಕೋಡ್ ತೆಗೆದುಕೊಂಡು ಶುರುಮಾಡಿದ್ದು ಇದು. ಜಿಪಿಎಲ್ ಲೈಸೆನ್ಸಿನದು, ಹಾಗಾಗಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಾಟಕ್ಕೂ ಇಡಬಹುದು. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ. 40ಕ್ಕಿಂತ ಜಾಸ್ತಿ ಇದರ ಮೇಲೆ ಓಡುತ್ತವೆ.

ನಮ್ಮ ಮಾಲೀಕರಿಗೆ ಈ ಸಾಫ್ಟ್‌ವೇರಿನ ಋಣದ ಲೆಕ್ಕ ಹತ್ತಿದ್ದು 2018ರಲ್ಲಿ. ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದವು. ರಸ್ತೆ ಹೋಯಿತು, ಜನರ ಮನೆ ಹೋಯಿತು. ಪ್ರವಾಸಿಗರು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ. ಹೋಮ್‌ಸ್ಟೇಯವರು ನಮಗೆ ಕೊಡಬೇಕಾದ ಬಾಕಿ ಕೇಳಲು ಬಾಯಿ ಬರಲಿಲ್ಲ. ಆ ವರ್ಷ ನಾನು ಖರ್ಚಿನ ಪಟ್ಟಿ ಹಿಡಿದು ಕೂತಾಗ ಕಡಿಯಲು ಏನೂ ಉಳಿದಿರಲಿಲ್ಲ. ಬಾಡಿಗೆ, ಸಂಬಳ, ಕರೆಂಟ್, ಇಂಟರ್ನೆಟ್. ಸಾಫ್ಟ್‌ವೇರ್ ಲೈಸೆನ್ಸಿನ ಕಾಲಂ ಹೆಚ್ಚುಕಡಿಮೆ ಸೊನ್ನೆ. ಮಾಲೀಕರು ಆ ಸೊನ್ನೆಯ ಮೇಲೆ ಬೆರಳಿಟ್ಟು, ‘ನೋಡ್ರಿ, ಇದು ದುಡ್ಡು ಕೇಳಿದ್ದಿದ್ರೆ ಈ ವರ್ಷ ಬಾಗಿಲು ಹಾಕ್ತಿದ್ವಿ’ ಅಂದರು.

ಅದಾಗಿ ನಾಲ್ಕು ವರ್ಷ ಏನೂ ಆಗಲಿಲ್ಲ. ಕೃತಜ್ಞತೆ ಅಂದರೆ ಹಾಗೇ, ಅಲ್ವಾ? ಕೈ ಸ್ವಲ್ಪ ಸಡಿಲವಾದ ಮೇಲೆ ನೆನಪಾಗುತ್ತದೆ.

ಮೊದಲ ಪ್ರಯತ್ನ: ಎಲ್ಲರಿಗೂ ಎರಡು ಗಂಟೆ

2014ರಲ್ಲಿ ಮುಲ್ಲೆನ್‌ವೆಗ್ ಒಂದು ಮಾತು ಮುಂದಿಟ್ಟಿದ್ದರು. ವರ್ಡ್‌ಪ್ರೆಸ್ ನಂಬಿ ಬದುಕುವ ಕಂಪನಿಗಳು ತಮ್ಮ ಜನರಲ್ಲಿ ಶೇ. 5ರಷ್ಟನ್ನು ಆ ಯೋಜನೆಯ ಕೆಲಸಕ್ಕೇ ಬಿಡಬೇಕು ಅಂತ. ಅದಕ್ಕೆ ‘ಫೈವ್ ಫಾರ್ ದ ಫ್ಯೂಚರ್’ ಅನ್ನುತ್ತಾರೆ. ಕಂಪನಿ ಇಷ್ಟು ಗಂಟೆ ಕೊಡುತ್ತೇವೆ ಅಂತ ಹೆಸರು ಬರೆಸಬಹುದು. ಆದರೆ ಕಂಪನಿ ಹೇಳಿದರೆ ಸಾಲದು, ಕೆಲಸ ಮಾಡುವವರು ತಮ್ಮ ಸ್ವಂತ ವರ್ಡ್‌ಪ್ರೆಸ್ ಅಕೌಂಟಿನಿಂದ ಹೌದು ಅನ್ನಬೇಕು. ಕೆಲಸ ಅಂದರೆ ಕೋಡ್ ಮಾತ್ರ ಅಲ್ಲ. ಅನುವಾದ, ಪರೀಕ್ಷೆ, ದಾಖಲೆ ಬರೆಯುವುದು, ಹೊಸಬರಿಗೆ ಉತ್ತರ ಕೊಡುವುದು, ಎಲ್ಲ ಲೆಕ್ಕಕ್ಕೆ ಬರುತ್ತದೆ.

ನಾನು ಲೆಕ್ಕ ಹಾಕಿಕೊಟ್ಟೆ. ಒಂಬತ್ತು ಜನ, ವಾರಕ್ಕೆ 40 ಗಂಟೆ, ಒಟ್ಟು 360. ಅದರ ಶೇ. 5 ಅಂದರೆ 18 ಗಂಟೆ. ತಲೆಗೆ ಎರಡು. ಮಾಲೀಕರಿಗೆ ಖುಷಿಯಾಯಿತು. ‘ಶುಕ್ರವಾರ ಮಧ್ಯಾಹ್ನ ಮೂರರಿಂದ ಐದು. ಊಟ ಆದ ಮೇಲೆ ಹೇಗೂ ನಿದ್ದೆ ಬರುತ್ತೆ’ ಅಂದರು. 2022ರ ಜೂನಿನಲ್ಲಿ ಶುರುವಾಯಿತು. ಇದರಿಂದ ಕಂಪನಿಗೆ ಹೆಸರು ಬರುತ್ತದೆ ಅನ್ನುವುದು ಅವರ ಮನಸ್ಸಿನಲ್ಲಿ ಮುಖ್ಯವಾಗಿತ್ತು. ಹಾಗಾಗಿ ಒಳಲೆಕ್ಕದಲ್ಲಿ ಇದನ್ನು ಜಾಹೀರಾತು ಖಾತೆಗೆ ಹಾಕಿ ಅಂದರು, ಹಾಕಿದೆ.

ಆ ವೇಳೆಗೆ ಯಾರೋ ಇದು ಸಿಎಸ್‌ಆರ್ (ದೊಡ್ಡ ಕಂಪನಿಗಳು ಕಾನೂನಿನಂತೆ ಸಮಾಜಕ್ಕೆ ಮಾಡಬೇಕಾದ ಖರ್ಚು) ಆಗುತ್ತೆ ಅಂತಲೂ ಅವರ ತಲೆಗೆ ತುಂಬಿದ್ದರು. ಇದೊಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ, ಬೇರೆ ಕಡೆಯೂ ಕೇಳಿದ್ದೇನೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಬರುವುದು 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ. ನಮ್ಮದು ಸಂಬಳದ ದಿನ ಬ್ಯಾಂಕ್ ಬ್ಯಾಲೆನ್ಸ್ ಎರಡು ಸಲ ನೋಡುವ ಕಂಪನಿ.

ಹತ್ತು ತಿಂಗಳು ಆದ ಮೇಲೆ ಟೈಮ್‌ಶೀಟ್ ತೆಗೆದು ಕೂಡಿದೆ. 700ಕ್ಕೂ ಹೆಚ್ಚು ಗಂಟೆ ಆಗಬೇಕಿತ್ತು. ಬರೆದಿದ್ದು 131. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಅಕೌಂಟ್ ತೆರೆಯುವುದು, ಓದುವುದು, ಕಂಪ್ಯೂಟರಿನಲ್ಲಿ ಪರೀಕ್ಷೆಯ ಸೈಟ್ ಕೂರಿಸುವುದು, ಅದು ಕೆಟ್ಟರೆ ಮತ್ತೆ ಕೂರಿಸುವುದು. ಹೊಸಬರಿಗೆ ಅಂತ ಗುರುತು ಹಾಕಿದ ‘ಗುಡ್ ಫಸ್ಟ್ ಬಗ್’ ಟಿಕೆಟ್‌ಗಳನ್ನು, ಅಂದರೆ ಸಾಫ್ಟ್‌ವೇರಿನ ಸಣ್ಣ ತಪ್ಪುಗಳ ದೂರುಗಳನ್ನು, ನಮ್ಮ ಹುಡುಗರು ತೆರೆಯುತ್ತಿದ್ದರು. ಶುಕ್ರವಾರ ಐದಕ್ಕೆ ಅರ್ಥವಾಗಲು ಶುರುವಾಗುತ್ತಿತ್ತು. ಮುಂದಿನ ಶುಕ್ರವಾರದ ಹೊತ್ತಿಗೆ ಬೇರೆ ಯಾರೋ ಅದನ್ನು ಮುಗಿಸಿರುತ್ತಿದ್ದರು.

ಇನ್ನೊಂದು ತೊಂದರೆ ನಮ್ಮ ಊರಿನದು. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಶುಕ್ರವಾರಕ್ಕೇ ಹೋಗುತ್ತದೆ ಅನ್ನಿಸುವಷ್ಟು ಸಲ ಹೋಯಿತು. ಮಳೆ ಬಿಟ್ಟ ಮೇಲೆ ದಸರಾ ಬಂತು. ದಸರಾ ಅಂದರೆ ವಾರಾಂತ್ಯದ ಬುಕಿಂಗ್. ಬುಕಿಂಗ್ ಜಾಸ್ತಿ ಬರುವ ದಿನ ಸೈಟ್ ನಿಧಾನವಾದರೆ ಹೋಮ್‌ಸ್ಟೇಯವರು ಫೋನ್ ಮಾಡುವುದು ಯಾವಾಗ? ಶುಕ್ರವಾರ ಮಧ್ಯಾಹ್ನ. ವಾರದಲ್ಲಿ ಅತ್ಯಂತ ಗಡಿಬಿಡಿಯ ಎರಡು ಗಂಟೆಯನ್ನೇ ಹುಡುಕಿ ದಾನ ಮಾಡಿದ್ದೆವು.

ಎರಡನೇ ಪ್ರಯತ್ನ: ಸಾಲಿಗೆ ಇಷ್ಟು

2023ರ ಏಪ್ರಿಲ್‌ನಲ್ಲಿ ಮಾಲೀಕರು ದಾರಿ ಬದಲಿಸಿದರು. ಕೋಡ್ ಕಷ್ಟ, ಕನ್ನಡ ನಮಗೆ ಗೊತ್ತಲ್ಲ, ಅನುವಾದ ಮಾಡೋಣ ಅಂತ. ಇದಕ್ಕೆ ವ್ಯಾಪಾರದ ಕಾರಣವೂ ಇತ್ತು. ನಮ್ಮ ಗ್ರಾಹಕರು ಬಳಸುವ ಒಂದು ಬುಕಿಂಗ್ ಪ್ಲಗಿನ್‌ಗೆ (ಸೈಟಿಗೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಕನ್ನಡ ಇರಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಒಂದು ಪ್ಲಗಿನ್ನಿನಲ್ಲಿ ಪರದೆಯ ಮೇಲೆ ಕಾಣುವ ಮಾತಿನ ಸಾಲುಗಳಲ್ಲಿ ಶೇ. 90ರಷ್ಟು ಅನುವಾದವಾಗಿ, ಸಂಪಾದಕರು ಒಪ್ಪಿದರೆ ಮಾತ್ರ ಆ ಭಾಷೆಯ ಪ್ಯಾಕ್ ತಯಾರಾಗಿ ಎಲ್ಲರ ಸೈಟಿಗೂ ತಾನಾಗಿ ಹೋಗುತ್ತದೆ. ಆ 90 ಮುಟ್ಟುವುದು ಗುರಿ. ಅದಕ್ಕೆ ಪಂದ್ಯ ಇಟ್ಟರು. ಸಾಲಿಗೆ ಇಷ್ಟು ರೂಪಾಯಿ, ತಿಂಗಳಿಗೆ ಮೊದಲು ಬಂದವರಿಗೆ ಕಾಫಿ ಶಾಪಿನಲ್ಲಿ ಊಟ. ನಾನು ‘ತರಬೇತಿ’ ಖಾತೆ ತೆರೆದೆ.

ಈಗ ಹೇಳುತ್ತೇನೆ, ಎಣಿಸಿ ದುಡ್ಡು ಕೊಡುವ ಕಡೆ ಎಣಿಕೆ ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ. ಪಟ್ಟಿಯಲ್ಲಿ ಸಂಖ್ಯೆ ಏರುವುದು ನೋಡಿ ನಾನೂ ಹಿಗ್ಗಿದ್ದೆ. ಮೂರು ತಿಂಗಳಲ್ಲಿ ಎರಡು ಸಾವಿರ ಸಾಲು ದಾಟಿತು. ಹುಡುಗರು ಮೆಷಿನ್ ಅನುವಾದಕ್ಕೆ ಹಾಕಿ, ಬಂದದ್ದನ್ನು ಹಾಗೇ ಅಂಟಿಸುತ್ತಿದ್ದರು. ಅವೆಲ್ಲ ‘ವೇಟಿಂಗ್’ ಅಂತ, ಸಂಪಾದಕರ ಒಪ್ಪಿಗೆಗೆ ಕಾಯುತ್ತ ಕೂತಿದ್ದವು. ಸಂಪಾದಕರು ಅಂದರೆ ಸಂಬಳದವರಲ್ಲ. ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ನೋಡುವ ಸ್ವಯಂಸೇವಕರು. ನಮ್ಮ ಉದಾರತೆ ಅವರ ತಲೆಯ ಮೇಲೆ ಎರಡು ಸಾವಿರ ಸಾಲಿನ ಹೊರೆಯಾಗಿ ಬಿದ್ದಿತ್ತು.

ಜುಲೈಯ ಒಂದು ಬೆಳಿಗ್ಗೆ ಬಂದು ನೋಡಿದರೆ ಬಹುಪಾಲು ತಿರಸ್ಕಾರವಾಗಿತ್ತು. ಒಂದೇ ರಾತ್ರಿಯಲ್ಲಿ, ಒಬ್ಬರೇ ಮಾಡಿದ್ದು. ಮಾಲೀಕರ ಮುಖ ಕೆಂಪಾಯಿತು. ಯಾರು ಈ ಸಂಪಾದಕರು ಅಂತ ಹುಡುಕಿದರು. ಪ್ರೊಫೈಲಿನಲ್ಲಿ ಊರು ಅಂತ ಕೊಡಗು ಇತ್ತು. ಇನ್ನೂ ಸ್ವಲ್ಪ ವಿಚಾರಿಸಿದರೆ, ನಮ್ಮ ಆಫೀಸಿನಿಂದ 18 ಕಿಲೋಮೀಟರ್ ದೂರದ ಒಂದು ಕಾಫಿ ತೋಟದ ಮನೆ.

‘ಹೋಗಿ ಕೇಳೇ ಬಿಡ್ತೀನಿ’ ಅಂತ ಜೀಪ್ ತೆಗೆದರು. ಆ ಮಳೆಯಲ್ಲಿ ಒಬ್ಬರೇ ಬೇಡ ಅಂತ ನಾನೂ ಹತ್ತಿದೆ.

ತೋಟದ ಮನೆಯಲ್ಲಿ

ಅವರನ್ನು ಈಗ ಆಫೀಸಿನಲ್ಲಿ ಎಲ್ಲರೂ ಅಕ್ಕ ಅನ್ನುತ್ತಾರೆ, ಇಲ್ಲೂ ಹಾಗೇ ಬರೆಯುತ್ತೇನೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ ಮಾಡಿದವರು. ತಂದೆಗೆ ಹುಷಾರಿಲ್ಲ ಅಂತ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದರು. ರಾತ್ರಿ ಹೊತ್ತು ಕನ್ನಡ ಅನುವಾದ ನೋಡುವುದು ಹವ್ಯಾಸ.

ಮಾಲೀಕರು ಜಗುಲಿ ಹತ್ತುತ್ತಲೇ, ‘ಏನಮ್ಮ, ನಮ್ಮ ಹುಡುಗರ ಮೂರು ತಿಂಗಳ ಕೆಲಸ ಒಂದೇ ರಾತ್ರಿ ತಿಪ್ಪೆಗೆ ಹಾಕಿದ್ರಲ್ಲ’ ಅಂದರು.

‘ಕೂತ್ಕೊಳ್ಳಿ ಸರ್, ಮೊದಲು ಕಾಫಿ ಕುಡೀರಿ’ ಅಂದರು ಅಕ್ಕ. ಆಮೇಲೆ ಲ್ಯಾಪ್‌ಟಾಪ್ ತಂದು ಇಟ್ಟರು. ‘ಬುಕ್ ನೌ’ ಅನ್ನುವ ಬಟನ್ನಿಗೆ ನಮ್ಮವರು ‘ಈಗ ಪುಸ್ತಕ’ ಅಂತ ಹಾಕಿದ್ದರು. ಬಲಗಡೆ ಅನ್ನುವ ಅರ್ಥದ ‘ರೈಟ್’ಗೆ ‘ಸರಿ’. ಸೈಟಿನ ‘ಹೋಮ್’ಗೆ ‘ಮನೆ’. ಕೋಣೆ ಖಾಲಿ ಮಾಡುವ ‘ಚೆಕ್ ಔಟ್’ಗೆ ‘ಪರಿಶೀಲಿಸಿ’. ‘ಸರ್, ನಿಮ್ಮ ಹೋಮ್‌ಸ್ಟೇ ಗಿರಾಕಿ ಇದನ್ನ ಒತ್ತುತ್ತಾರಾ?’

ಇವು ನಗುವಂಥ ತಪ್ಪುಗಳು. ಅಕ್ಕ ಜಾಸ್ತಿ ಹೊತ್ತು ತೋರಿಸಿದ್ದು ಬೇರೆ. ಸಾಫ್ಟ್‌ವೇರಿನಲ್ಲಿ ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ, ಅಲ್ಲಿ ಸೈಟಿನ ಹೆಸರೋ ಕೋಣೆಯ ಹೆಸರೋ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ತೊಂದರೆಯಿಲ್ಲ. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಅಂಟುತ್ತದಲ್ಲ. ನಮ್ಮವರು ಖಾಲಿ ಜಾಗದ ಪಕ್ಕ ಒಂದು ‘ಗೆ’ ಬರೆದು ‘ಸ್ವಾಗತ’ ಅಂತ ಮುಗಿಸಿದ್ದರು. ಹೆಸರು ‘ಕಾಡುಮನೆ’ ಇದ್ದರೆ ‘ಕಾಡುಮನೆ ಗೆ ಸ್ವಾಗತ’, ಹೇಗೋ ನಡೆಯುತ್ತದೆ. ‘ಕಾಫಿ ತೋಟ’ ಇದ್ದರೆ ‘ಕಾಫಿ ತೋಟ ಗೆ ಸ್ವಾಗತ’. ‘ತೋಟಕ್ಕೆ’ ಆಗಬೇಕಲ್ಲ? ‘ಬೆಳಕು’ ಇದ್ದರೆ ‘ಬೆಳಕಿಗೆ’ ಆಗಬೇಕು. ಯಾವ ಹೆಸರು ಬರುತ್ತದೆ ಅಂತ ಅನುವಾದ ಮಾಡುವವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಹೆಸರಿಗೆ ಪ್ರತ್ಯಯವೇ ಬೇಡದ ಹಾಗೆ ವಾಕ್ಯವನ್ನು ತಿರುಗಿಸಿ ಬರೆಯಬೇಕು. ‘ನಿಮಗೆ ಸ್ವಾಗತ’ ಅಂತ ಒಂದು ಸಾಲು, ಅದರ ಕೆಳಗೆ ಹೆಸರು. ಇಂಥ ಒಂದು ಸಾಲಿಗೆ ಹತ್ತು ನಿಮಿಷ ಬೇಕು. ಪಂದ್ಯದಲ್ಲಿ ನಮ್ಮವರು ಹತ್ತು ನಿಮಿಷಕ್ಕೆ ನೂರು ಸಾಲು ಹಾಕುತ್ತಿದ್ದರು.

ಮಾಲೀಕರ ಒಳ್ಳೆಯ ಗುಣ ಏನೆಂದರೆ, ತಪ್ಪು ಅಂತ ಗೊತ್ತಾದ ಮೇಲೆ ಎಳೆಯುವುದಿಲ್ಲ. ಎರಡನೇ ಲೋಟ ಕಾಫಿ ಬರುವ ಹೊತ್ತಿಗೆ, ‘ಇದನ್ನ ಹಗಲಲ್ಲಿ ಮಾಡೋಕೆ ನೀವು ಎಷ್ಟು ತಗೋತೀರಿ?’ ಅಂತ ಕೇಳಿದರು. ಬೈಯಲು ಹೋದವರು ಕೆಲಸ ಕೊಟ್ಟು, ಒಂದು ಚೀಲ ಕಳಲೆ ಹಿಡಿದು ವಾಪಸ್ ಬಂದೆವು.

ನನ್ನ ಲೆಕ್ಕದಲ್ಲಿ ಇದು ಮೊದಲ ತಿರುವು. ಅಲ್ಲಿಯವರೆಗೆ ನಮ್ಮ ಜನರನ್ನು ಕೊಡುಗೆದಾರರನ್ನಾಗಿ ಮಾಡಲು ಹೊರಟಿದ್ದೆವು. ಆವತ್ತಿನಿಂದ, ಈಗಾಗಲೇ ಕೊಡುಗೆ ಕೊಡುತ್ತಿರುವ ಒಬ್ಬರಿಗೆ ಸಮಯ ಕೊಂಡುಕೊಟ್ಟೆವು.

ಮೂರನೇ ಪ್ರಯತ್ನ, ಮತ್ತು ಎಡವಿದ್ದು

2023ರ ಸೆಪ್ಟೆಂಬರಿನಿಂದ ವಾರಕ್ಕೆ 20 ಗಂಟೆ ಅಂತ ಮಾತಾಯಿತು. ಒಂಬತ್ತು ಜನರ 18 ಗಂಟೆಗೂ ಇದಕ್ಕೂ ಹೆಚ್ಚು ಫರಕಿಲ್ಲ, ಗಮನಿಸಿ. ಅಕ್ಕ ನೌಕರಿ ಬೇಡ ಅಂದರು. ಹಾಗಾಗಿ ವೃತ್ತಿ ಶುಲ್ಕ, ತಿಂಗಳಿಗೊಮ್ಮೆ ಬಿಲ್, ಟಿಡಿಎಸ್ ತೆರಿಗೆ ಹಿಡಿದು ಪಾವತಿ. ಬರವಣಿಗೆಯಲ್ಲಿ ಬೇರೇನೂ ಇರಲಿಲ್ಲ. ಅದು ನಮ್ಮ ತಪ್ಪು.

ಡಿಸೆಂಬರ್ ಬಂತು. ಕಾಫಿ ಕುಯ್ಲು ಶುರುವಾದರೆ ತೋಟದ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬೆಳಿಗ್ಗೆ ಆಳು ಬಂದರೋ ಇಲ್ಲವೋ ನೋಡಬೇಕು, ಸಂಜೆ ಹಣ್ಣು ತೂಕ ಹಾಕಬೇಕು, ಪಲ್ಪಿಂಗ್ ಮಾಡಿ ಸಿಪ್ಪೆ ಬಿಡಿಸಬೇಕು, ಕಣದಲ್ಲಿ ಒಣಹಾಕಿದ್ದನ್ನು ತಿರುವಬೇಕು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಬರುತ್ತದೆ. ಅಕ್ಕನ ಗಂಟೆಗಳು ಎಂಟಕ್ಕೆ ಇಳಿದವು. ಬಿಲ್ಲಿನಲ್ಲಿ ಅವರು ಎಂಟೇ ಬರೆದರು, ನಾನು ಎಂಟಕ್ಕೇ ಕೊಟ್ಟೆ. ಮಾಲೀಕರಿಗೆ ಮಾತ್ರ ಒಳಗೊಳಗೇ ಇರುಸುಮುರುಸು.

ಅದು 2024ರ ಫೆಬ್ರವರಿಯಲ್ಲಿ ಹೊರಗೆ ಬಂತು. ಒಂದು ರೆಸಾರ್ಟಿನವರು ಮಾರ್ಚ್ ಒಂದರೊಳಗೆ ಬುಕಿಂಗ್ ಪುಟ ಪೂರ್ತಿ ಕನ್ನಡದಲ್ಲಿ ಬೇಕು ಅಂದರು. ನಮ್ಮ ಹುಡುಗರು ಉಳಿದ ಸಾಲುಗಳನ್ನು ಹಾಕಿದರು, ಈ ಸಲ ಕೈಯಿಂದಲೇ, ಪರವಾಗಿಲ್ಲ ಅನ್ನುವ ಮಟ್ಟಕ್ಕೆ. ಆ ಪ್ಲಗಿನ್ನಿನ ಕನ್ನಡ ಸಂಪಾದಕರು ಅಕ್ಕನೇ. ಮಾಲೀಕರು ಫೋನ್ ಮಾಡಿ, ‘ನಮ್ಮದೇ ತಾನೇ, ಸುಮ್ನೆ ಒಪ್ಪಿಗೆ ಒತ್ತಿಬಿಡಿ’ ಅಂದರು.

ಅಕ್ಕ ಒತ್ತಲಿಲ್ಲ. ‘ಸರ್, ನಿಮ್ಮ ಹತ್ರ ದುಡ್ಡು ತಗೊಂಡು ನಿಮ್ಮ ಸಾಲನ್ನೇ ನಾನು ಪಾಸ್ ಮಾಡಿದರೆ, ನಾಳೆ ನಾನು ಬೇರೆಯವರದ್ದು ತಿರಸ್ಕರಿಸಿದಾಗ ಯಾರು ನಂಬ್ತಾರೆ? ಇನ್ನೊಬ್ಬ ಸಂಪಾದಕರಿಗೆ ನೋಡೋಕೆ ಹೇಳಿದ್ದೀನಿ. ಅವರಿಗೆ ಪುರುಸೊತ್ತಾದಾಗ ನೋಡ್ತಾರೆ.’

ಅವರಿಗೆ ಪುರುಸೊತ್ತಾಗಲು ಮೂರು ವಾರ ಹಿಡಿಯಿತು. ಮಾರ್ಚ್ ಒಂದು ಹೋಯಿತು. ನಮ್ಮ ಹಿರಿಯ ಡೆವಲಪರ್ ಆ ರೆಸಾರ್ಟಿನ ಸೈಟಿಗೆ ಮಾತ್ರ ಅನುವಾದದ ಫೈಲನ್ನು ನೇರವಾಗಿ ಹಾಕಿ ಕೆಲಸ ಸಾಗಿಸಿದರು. ಹಾಗೆ ಮಾಡಬಹುದು ಅಂತ ಮೊದಲೇ ಯೋಚಿಸಿದ್ದರೆ ಆ ಫೋನೇ ಬೇಕಿರಲಿಲ್ಲ. ಆದರೆ ಸಿಟ್ಟಿನಲ್ಲಿ ಮಾಲೀಕರು ಆ ತಿಂಗಳ ಬಿಲ್ ಪಾಸ್ ಮಾಡಲಿಲ್ಲ. ‘ದುಡ್ಡು ನಮ್ಮದು, ಮಾತು ಮಾತ್ರ ನಮ್ಮದಲ್ಲ’ ಅಂದರು. ಹದಿನೈದು ದಿನ ಬಿಲ್ ನನ್ನ ಮೇಜಿನ ಮೇಲೆ ಕೂತಿತ್ತು. ಅಕ್ಕ ಒಂದು ಸಲವೂ ಫೋನ್ ಮಾಡಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಕೊನೆಗೆ ನಾನೇ ಇಬ್ಬರನ್ನೂ ಕೂರಿಸಿ ಒಂದು ಪುಟದ ಪತ್ರ ಬರೆಸಿದೆ. ವಕೀಲರ ಭಾಷೆ ಇಲ್ಲ. ವರ್ಷಕ್ಕೆ 1,040 ಗಂಟೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಹದಿಮೂರು ವಾರ ಎಂಟೆಂಟು ಗಂಟೆ, ಉಳಿದ ಮೂವತ್ತೊಂಬತ್ತು ವಾರ ಇಪ್ಪತ್ತನಾಲ್ಕು. ಏನು ಕೆಲಸ ಅಂತ ತೀರ್ಮಾನ ಮಾಡುವುದು ಅಕ್ಕ, ತಿಂಗಳಿಗೊಮ್ಮೆ ಬಂದು ಹೇಳಬೇಕು. ಕಂಪನಿ ಇದು ಬೇಕಿತ್ತು ಅಂತ ಕೇಳಬಹುದು, ಮಾಡಲೇಬೇಕು ಅನ್ನುವಂತಿಲ್ಲ. ಕಂಪನಿಯದ್ದಾಗಲಿ ಅದರ ಗ್ರಾಹಕರದ್ದಾಗಲಿ ಯಾವ ಸಾಲನ್ನೂ ಅಕ್ಕ ಒಪ್ಪುವುದಿಲ್ಲ, ತಿರಸ್ಕರಿಸುವುದೂ ಇಲ್ಲ. ಅಕೌಂಟ್ ಅಕ್ಕನದು, ಅಲ್ಲಿ ಬಂದ ಹೆಸರೂ ಅಕ್ಕನದು. ನಿಲ್ಲಿಸುವುದಾದರೆ ಯಾರೇ ಆಗಲಿ ಮೂರು ತಿಂಗಳು ಮೊದಲು ಹೇಳಬೇಕು.

ಕೊನೆಯ ಸಾಲನ್ನು ಹಾಕಿಸಲು ಸ್ವಲ್ಪ ಜಗ್ಗಾಟ ಆಯಿತು. ಮಾಲೀಕರಿಗೆ ಒಂದು ತಿಂಗಳು ಸಾಕಿತ್ತು. ನಾನು 2018ನ್ನು ನೆನಪಿಸಿದೆ. ಆಗ ಗ್ರಾಹಕರು ಒಂದೇ ದಿನದಲ್ಲಿ ನಿಂತಾಗ ನಮಗೆ ಹೇಗಾಗಿತ್ತು ಅಂತ ಕೇಳಿದೆ. ಸಹಿ ಹಾಕಿದರು.

‘ಹೋಮ’ದ ಕಥೆ

ಪತ್ರ ಆದ ಮೇಲಿನ ಕೆಲಸದಲ್ಲಿ ಒಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಣ ಕೊಡುವವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಇದರಲ್ಲಿದೆ.

ನಮ್ಮ ಒಬ್ಬ ಗ್ರಾಹಕರು ತಮ್ಮ ಪುಟಕ್ಕೆ ‘ಕೊಡಗಿನ ಕಾಫಿ ತೋಟದಲ್ಲಿ ಹೋಮ್‌ಸ್ಟೇ’ ಅಂತ ಹೆಸರು ಕೊಟ್ಟಿದ್ದರು. ಪುಟದ ವಿಳಾಸವೂ ಕನ್ನಡದಲ್ಲೇ ತಾನಾಗಿ ಆಯಿತು. ನೋಡಿದರೆ ಅದು ‘ಕೊಡಗಿನ-ಕಾಫಿ-ತೋಟದಲ್ಲಿ-ಹೋಮ’ ಅಂತ ನಿಂತಿತ್ತು. ‘ಏನ್ರೀ, ನಮ್ಮ ತೋಟದಲ್ಲಿ ಹೋಮ ಮಾಡ್ಸೋಕೆ ಹೊರಟಿದ್ದೀರಾ?’ ಅಂತ ಅವರು ನಕ್ಕರು. ಹುಡುಗರು ಕೈಯಿಂದ ತಿದ್ದಲು ನೋಡಿದರು. ಮತ್ತೆ ಹೋಮವೇ.

ಅಕ್ಕ ಕಾರಣ ಬಿಡಿಸಿದರು. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು, ಕಂಪ್ಯೂಟರಿನ ಒಳಗೆ ಮೂರು ಬೈಟ್ ಜಾಗ ತಿನ್ನುತ್ತದೆ. ವಿಳಾಸದಲ್ಲಿ ಒಂದು ಬೈಟನ್ನು ಶೇಕಡಾ ಚಿಹ್ನೆ ಸೇರಿಸಿ ಮೂರು ಗುರುತಿನಲ್ಲಿ ಬರೆಯುತ್ತಾರೆ. ಅಂದರೆ ಒಂದಕ್ಕೆ ಒಂಬತ್ತು. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಟ್ಟಿರುವ ಜಾಗ 200. ಇಂಗ್ಲಿಷಿಗೆ ಧಾರಾಳ. ಕನ್ನಡಕ್ಕೆ 22 ಗುರುತು ಆದರೆ ಮುಗಿಯಿತು. ನಾನು ಪೆನ್ಸಿಲ್ ಹಿಡಿದು ಎಣಿಸಿ ನೋಡಿದೆ. ಆರು, ನಾಲ್ಕು, ಎಂಟು, ನಡುವಿನ ಗೆರೆಗಳು. ‘ಹೋಮ್‌ಸ್ಟೇ’ಗೆ ಬರುವ ಹೊತ್ತಿಗೆ ಉಳಿದಿದ್ದು 35, ಅದರಲ್ಲಿ ಹಿಡಿಸುವುದು ಮೂರೇ: ಹ, ಓತ್ವ, ಮ. ‘ಮ’ದ ಅರ್ಧಾಕ್ಷರದ ಗುರುತಿಗೂ ಜಾಗ ಇಲ್ಲ. ಲೆಕ್ಕದವನಿಗೆ ಇಷ್ಟು ಚೆನ್ನಾಗಿ ಅರ್ಥವಾದ ಬಗ್ ಇನ್ನೊಂದಿಲ್ಲ.

ಮಾಲೀಕರಿಗೆ, ಇದನ್ನು ಅಕ್ಕ ತಿದ್ದಿಬಿಟ್ಟರೆ ಒಳ್ಳೆಯ ಸುದ್ದಿಯಾಗುತ್ತೆ ಅನ್ನಿಸಿತು. ಅಕ್ಕ ತಣ್ಣಗೆ ಹೇಳಿದರು: ಆ 200 ಡೇಟಾಬೇಸಿನ ಕಾಲಂ ಅಳತೆ, ಅದನ್ನು ಬದಲಾಯಿಸಿದರೆ ಜಗತ್ತಿನ ಎಲ್ಲ ಸೈಟಿಗೂ ತಾಗುತ್ತದೆ, ಯಾರೂ ಸುಲಭಕ್ಕೆ ಮುಟ್ಟುವುದಿಲ್ಲ. ಅವರು ಮಾಡಿದ್ದು ಸಣ್ಣ ಕೆಲಸ. ಜಾಗ ಸಾಲದಿದ್ದರೆ ಅಕ್ಷರದ ನಡುವೆ ಕತ್ತರಿಸಬೇಡ, ಹಿಂದಿನ ಪೂರ್ತಿ ಪದದಲ್ಲಿ ನಿಲ್ಲು ಅನ್ನುವ ಪ್ಯಾಚ್ (ಕೋಡಿನ ತಿದ್ದುಪಡಿ), ಅದಕ್ಕೆ ಕನ್ನಡದ ಪರೀಕ್ಷೆಗಳು. ತಮಿಳು, ಮಲಯಾಳಂನವರನ್ನು ಕೇಳಿ ಅವರ ಉದಾಹರಣೆಗಳನ್ನೂ ಸೇರಿಸಿದರು. ಇದಕ್ಕೆ ಒಂದು ಮಳೆಗಾಲವೇ ಹೋಯಿತು. ಲೈನ್ ಇಲ್ಲದ ದಿನಗಳಲ್ಲಿ ಮಾತ್ರ ಮೊದಲೇ ಇಳಿಸಿಕೊಂಡ ಅನುವಾದದ ಫೈಲ್ ಹಿಡಿದು ಕೂರುತ್ತಿದ್ದರು, ಇಂಟರ್ನೆಟ್ ಬಂದಾಗ ಏರಿಸುತ್ತಿದ್ದರು.

ಪ್ಯಾಚ್ ಇನ್ನೂ ಸೇರಿಲ್ಲ. ನೋಡುವವರು ಕಡಿಮೆ, ಸರತಿ ಉದ್ದ. ನಮ್ಮ ಆಫೀಸಿನಲ್ಲಿ ಮಾತ್ರ ಕನ್ನಡ ಪುಟಕ್ಕೆ ಚಿಕ್ಕ ವಿಳಾಸ ಕೈಯಿಂದ ಕೊಡುವುದು ಈಗ ರೂಢಿ. ಇದನ್ನು ತಿಳಿಯಲು ಒಬ್ಬರಿಗೆ ಇಷ್ಟೆಲ್ಲ ಸಂಬಳ ಬೇಕಿತ್ತಾ ಅಂತ ಯಾರಾದರೂ ಕೇಳಬಹುದು. ಬೇಡವಿತ್ತು ಅಂತ ನಾನೂ ಹೇಳಬಲ್ಲೆ. ಆದರೆ ಮೊದಲು ಇಂಥ ತೊಂದರೆ ಬಂದರೆ ಹುಡುಗರು ಎರಡು ದಿನ ತಡಕಾಡುತ್ತಿದ್ದರು. ಈಗ ಅಕ್ಕ ತಿಂಗಳಿಗೊಮ್ಮೆ ಬಂದು ಕೂತಾಗ ಒಳಗೇನಿದೆ ಅಂತ ನೋಡುವ ರೀತಿಯನ್ನು ಹುಡುಗರು ಕಲಿತಿದ್ದಾರೆ. ಇಬ್ಬರು ಹುಡುಗರು ತಾವಾಗಿಯೇ ಸಣ್ಣಪುಟ್ಟ ಪ್ಯಾಚ್ ಕಳಿಸಿದ್ದಾರೆ. ಯಾರೂ ಗಂಟೆ ಎಣಿಸಲಿಲ್ಲ, ಊಟ ಕೊಡಿಸಲಿಲ್ಲ.

2025ರ ಜನವರಿ

2024ರ ಸೆಪ್ಟೆಂಬರಿನಿಂದ ವರ್ಡ್‌ಪ್ರೆಸ್ ನಂಬಿ ವ್ಯಾಪಾರ ಮಾಡುವ ಎರಡು ದೊಡ್ಡ ಕಂಪನಿಗಳಾದ, ಮುಲ್ಲೆನ್‌ವೆಗ್ ಅವರ ಆಟೊಮ್ಯಾಟಿಕ್ ಮತ್ತು ಡಬ್ಲ್ಯುಪಿ ಎಂಜಿನ್ ನಡುವೆ ಜಗಳ ಶುರುವಾಗಿ ಕೋರ್ಟು ಮುಟ್ಟಿತ್ತು. ಯಾರು ಎಷ್ಟು ಕೊಡುಗೆ ಕೊಡುತ್ತಾರೆ ಅನ್ನುವುದೂ ಅದರಲ್ಲಿ ಒಂದು ವಿಷಯ. 2025ರ ಜನವರಿಯಲ್ಲಿ ಆಟೊಮ್ಯಾಟಿಕ್, ವಾರಕ್ಕೆ 3,988 ಗಂಟೆ ಇದ್ದ ತನ್ನ ಪ್ರಾಯೋಜಿತ ಕೆಲಸವನ್ನು 45ರ ಸುಮಾರಿಗೆ ಇಳಿಸುತ್ತೇನೆ, ಎದುರಿನವರು ಕೊಡುವಷ್ಟೇ ಕೊಡುತ್ತೇನೆ ಅಂದಿತು.

ಆ ಅಂಕಿ ನೋಡಿ ಮಾಲೀಕರು ನನ್ನ ಮೇಜಿಗೆ ಬಂದರು. ‘ಅಷ್ಟು ದೊಡ್ಡವರೇ 45 ಅಂದರೆ, ಒಂಬತ್ತು ಜನರ ನಾವು 20 ಕೊಡ್ತಿದ್ದೀವಾ? ನಮಗೆ ಬುದ್ಧಿ ಇದೆಯಾ?’ ಪ್ರಶ್ನೆ ನ್ಯಾಯವಾದದ್ದೇ. ಪತ್ರದ ಪ್ರಕಾರ ಮೂರು ತಿಂಗಳ ನೋಟಿಸ್ ಕೊಡಬಹುದಿತ್ತು. ಕೊಡೋಣ ಅಂತ ಹೆಚ್ಚುಕಡಿಮೆ ತೀರ್ಮಾನವೂ ಆಯಿತು.

ತಡೆದಿದ್ದು ಯಾವ ಆದರ್ಶವೂ ಅಲ್ಲ, ಕಾಫಿ ರೇಟು. ಆ ವರ್ಷ ಕಾಫಿ ಬೆಲೆ ನಾವು ಯಾರೂ ನೋಡದ ಎತ್ತರಕ್ಕೆ ಹೋಗಿತ್ತು. ಕಣದಲ್ಲಿ ಒಣಹಾಕಿದ ಕಾಫಿಗೆ ರಾತ್ರಿ ಕಾವಲು ಇಡುವಷ್ಟು. ಅಕ್ಕನಿಗೆ ನಮ್ಮ ದುಡ್ಡಿನ ಹಂಗಿರಲಿಲ್ಲ. ಮಾಲೀಕರು ವಿಷಯ ಎತ್ತಿದಾಗ ಅವರು, ‘ನಿಲ್ಲಿಸೋದಾದರೆ ನಿಲ್ಲಿಸಿ ಸರ್, ನನಗೇನೂ ಬೇಜಾರಿಲ್ಲ. ರಾತ್ರಿ ಹೊತ್ತು ಮೊದಲಿನ ಹಾಗೆ ಮಾಡ್ತೀನಿ’ ಅಂದರು. ಮಾಲೀಕರು ಏನೂ ಹೇಳದೆ ಸ್ವಲ್ಪ ಹೊತ್ತು ಕೂತರು. ನಿಲ್ಲಿಸಿದರೆ ಕೆಲಸ ಹೇಗೂ ನಡೆಯುತ್ತದೆ, ರಾತ್ರಿ ನಿದ್ದೆ ಕೆಟ್ಟು ನಡೆಯುತ್ತದೆ, ನಾವು ಮಾತ್ರ ಅದರಲ್ಲಿ ಇರುವುದಿಲ್ಲ. ಇದು ಅವರಿಗೆ ನಾಟಿತು ಅನ್ನಿಸುತ್ತದೆ. ‘ಮಾರ್ಚ್ ತನಕ ನೋಡೋಣ’ ಅಂದರು. ಮಾರ್ಚ್ ಕಳೆದು ಹೂಮಳೆ ಬಂತು, ಯಾರೂ ಮಾತೆತ್ತಲಿಲ್ಲ. ಮೇ ಕೊನೆಗೆ ಆ ದೊಡ್ಡ ಕಂಪನಿಯೂ ಮತ್ತೆ ಕೆಲಸಕ್ಕೆ ಮರಳುತ್ತೇನೆ ಅಂತ ಹೇಳಿತು. ಅದಕ್ಕೂ ನಮಗೂ ಸಂಬಂಧವಿಲ್ಲ. ಆದರೂ ಮಾಲೀಕರು ನನಗೆ ಫೋನಿನಲ್ಲಿ ತೋರಿಸಿ, ‘ನೋಡಿದ್ರಾ’ ಅಂದರು.

ಏನು ಸಿಕ್ಕಿತು, ಏನು ಇಲ್ಲ

ಇದರಿಂದ ಒಬ್ಬ ಹೊಸ ಗ್ರಾಹಕರೂ ಬಂದಿಲ್ಲ. ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ಫೋನ್ ಮಾಡಿದ ಕೂಡಲೇ ಬರುವವರು ಬೇಕು, ಯಾವ ಸಾಫ್ಟ್‌ವೇರಿಗೆ ಯಾರು ಏನು ಕೊಟ್ಟರು ಅನ್ನುವುದು ಬೇಡ. ಜಾಹೀರಾತು ಖಾತೆಗೆ ಹಾಕಿದ್ದು ನನ್ನ ಮಟ್ಟಿಗೆ ಶುದ್ಧ ತಪ್ಪು. ಹೆಸರಿಗಾಗಿ ಮಾಡುವವರು ಮೊದಲ ವರ್ಷವೇ ಬಿಡುತ್ತಾರೆ. ಬುಕಿಂಗ್ ಪ್ಲಗಿನ್ನಿನ ಕನ್ನಡ 90 ದಾಟಿ ಪ್ಯಾಕ್ ಆಯಿತು. ಅದನ್ನು ನಮ್ಮ ಎದುರಾಳಿ ಕಂಪನಿಯವರೂ ಬಳಸುತ್ತಿದ್ದಾರೆ. ಇದು ಮಾಲೀಕರಿಗೆ ಒಂದು ವಾರ ಸಹಿಸಲಾಗಲಿಲ್ಲ.

ಬೇರೆಯವರು ನನ್ನನ್ನು ಕೇಳಿದಾಗ ನಾನು ಹೇಳುವುದು ಇಷ್ಟು. ಗಂಟೆಯನ್ನು ಒಂಬತ್ತು ಕಡೆ ಚೆಲ್ಲಬೇಡಿ, ಒಬ್ಬರಿಗೆ ಕೊಡಿ. ಆ ಒಬ್ಬರನ್ನು ಆಫೀಸಿನೊಳಗೇ ಹುಡುಕಬೇಕು ಅಂತಿಲ್ಲ. ಅವರ ಮೇಲೆ ನಿಮಗೆ ಎಷ್ಟು ಹಕ್ಕಿಲ್ಲ ಅನ್ನುವುದನ್ನು ಮೊದಲ ದಿನವೇ ಬರೆದಿಡಿ. ನಾವು ಅದನ್ನು ಬರೆದದ್ದು ಜಗಳವಾದ ಮೇಲೆ, ಹದಿನೈದು ದಿನ ಒಬ್ಬರ ದುಡ್ಡು ಹಿಡಿದ ಮೇಲೆ. ಆ ಹದಿನೈದು ದಿನವನ್ನು ಮಾಲೀಕರು ಈಗಲೂ ನೆನೆದರೆ ಮಾತು ಬದಲಿಸುತ್ತಾರೆ.

ಗೊಂದಲ ಇನ್ನೂ ಇದೆ. ಅಕ್ಕನಿಗೆ ಆಗದ ದಿನ ಏನು? ಕನ್ನಡ ಸಂಪಾದನೆ ಒಬ್ಬಿಬ್ಬರ ಕೈಯಲ್ಲೇ ಇರುವುದು ಎಷ್ಟು ಸರಿ? ಅಕ್ಕ ಈಗ ತಮ್ಮ ಗಂಟೆಯಲ್ಲಿ ಕಾಲುಭಾಗವನ್ನು ಹೊಸ ಇಬ್ಬರಿಗೆ ಕಲಿಸಲು ಇಟ್ಟಿದ್ದಾರೆ. ಅವರಲ್ಲಿ ಒಬ್ಬರು ನಡುವೆ ಬಿಟ್ಟರು.

ಮೊನ್ನೆ ಸೋಮವಾರಪೇಟೆ ಕಡೆಯ ಇನ್ನೊಂದು ಸಣ್ಣ ಕಂಪನಿಯವರು ಆ ಒಂದು ಪುಟದ ಪತ್ರದ ನಕಲು ಕೇಳಿದರು. ಅವರ ಹತ್ತಿರವೂ ಒಬ್ಬ ಹುಡುಗ ಇದ್ದಾನಂತೆ, ರಾತ್ರಿಯೆಲ್ಲ ಇದೇ ಕೆಲಸ. ಹೆಸರು ಅಳಿಸಿ ಕೊಟ್ಟೆ. ಗಂಟೆಯ ಸಾಲನ್ನು ಮಾತ್ರ ಖಾಲಿ ಬಿಟ್ಟೆ. ಆ ಹುಡುಗನ ಮನೆಯಲ್ಲಿ ಕಾಫಿ ಇಲ್ಲ, ಗದ್ದೆ. ನಾಟಿ ಬರುವುದು ಜುಲೈಯಲ್ಲಿ.